ಲಜ್ಜೆಯೂ ಅರಿವೂ

ಸದ್ಭಕ್ತರೇ, ನಮ್ಮ ಪ್ರಸಾದನಿಲಯದಲ್ಲಿ ಓದಿ ನಾಡಿನಲ್ಲೆಲ್ಲ ನೆಲೆಸಿರುವ ಶಿಷ್ಯರೇ,

ಕಳೆದ ಮಾಘಮಾಸದಲ್ಲಿ ತೀರ್ಥಹಳ್ಳಿಯ ಕಡೆಯ ಭಕ್ತರ ಬಿನ್ನಹದಂತೆ ಅಲ್ಲಿಗೆ ಹೋಗಿದ್ದಾಗ ಕುಪ್ಪಳ್ಳಿಯನ್ನೂ ಸಂದರ್ಶಿಸಿದೆವು. ಕುವೆಂಪು ಅವರು ಬಾಳಿ ಬೆಳೆದ ಆ ಮನೆ ಇಂದು ಸ್ಮಾರಕವಾಗಿದೆ. ಅಲ್ಲಿಗೆ ಬಂದವರು ಕವಿಯನ್ನು ನೆನೆಯುವುದು ಸಹಜ. ನಮ್ಮ ಮನಸ್ಸಾದರೋ ಹಿಂದಿನ ಮಲೆನಾಡಿನ ಮನೆಗಳ ಒಳಕೋಣೆಗಳತ್ತ ಹರಿಯಿತು. ಚಳಿಜ್ವರವು ಊರೂರನ್ನು ಹಿಂಡುತ್ತಿದ್ದ ಕಾಲವದು. ಮಳೆಗಾಲದಲ್ಲಿ ಹಳ್ಳಗಳು ತುಂಬಿದರೆ ಪೇಟೆಗೆ ದಾರಿಯಿಲ್ಲ. ಅಂತಹ ಕೋಣೆಗಳಲ್ಲಿ ಎಷ್ಟು ತಾಯಂದಿರು ತಮ್ಮ ನೋವನ್ನು ಬಾಯಿಬಿಟ್ಟು ಹೇಳಲಾರದೆ ಕಣ್ಮುಚ್ಚಿದರೋ, ಲೆಕ್ಕವಿಟ್ಟವರಾರು?

ಅದೇ ತೀರ್ಥಹಳ್ಳಿಯಲ್ಲಿ 1934ರಲ್ಲಿ ವೆಂಕಟಲಕ್ಷ್ಮಿ ಎಂಬ ಹೆಣ್ಣುಮಗು ಜನಿಸಿತು. ಮುಂದೆ ವೈದ್ಯಕೀಯ ವ್ಯಾಸಂಗ ಮಾಡಿ, ಲೇಖಕ ನಿರಂಜನರ ಕೈಹಿಡಿದು, ಧಾರವಾಡದಲ್ಲಿಯೂ ಅನಂತರ ಬೆಂಗಳೂರಿನಲ್ಲಿಯೂ ವೈದ್ಯವೃತ್ತಿ ನಡೆಸಿದ ಆಕೆಯೇ ಡಾ. ಅನುಪಮಾ ನಿರಂಜನ. ಕಾದಂಬರಿಕಾರ್ತಿಯೆಂದು ನಾಡು ಅವರನ್ನು ಬಲ್ಲದು. ಆದರೆ ‘ತಾಯಿ-ಮಗು’, ‘ವಧುವಿಗೆ ಕಿವಿಮಾತು’, ‘ಕೇಳು ಕಿಶೋರಿ’, ‘ದಾಂಪತ್ಯ ದೀಪಿಕೆ’ ಮೊದಲಾದ ಗ್ರಂಥಗಳಿಂದ ಅವರು ಮಾಡಿದ ಸೇವೆ ಬೇರೊಂದು ಬಗೆಯದು. ರೋಗಿಯೊಬ್ಬಳಿಗೆ ವೈದ್ಯೆಯು ಏಕಾಂತದಲ್ಲಿ ಹೇಳುವ ಮಾತನ್ನು ಅವರು ಕನ್ನಡ ಓದಬಲ್ಲ ಸಮಸ್ತ ಸ್ತ್ರೀಯರಿಗೆ ತಲುಪಿಸಿದರು. ಹೆಣ್ಣುಮಕ್ಕಳ ಬೆಳವಣಿಗೆ, ದಾಂಪತ್ಯ, ಗರ್ಭಧಾರಣೆ, ಹೆರಿಗೆ, ಶಿಶುಪಾಲನೆ ಇವೆಲ್ಲವೂ ಹಾಗೆ ತಿಳಿಗನ್ನಡದಲ್ಲಿ ಮನೆಯ ಹೊಸ್ತಿಲನ್ನು ದಾಟಿ ಒಳಗೆ ಬಂದವು.

ಇಲ್ಲಿ ಒಂದು ಧರ್ಮಸೂಕ್ಷ್ಮವು ಏಳುತ್ತದೆ. ದೇಹದ ಇಂತಹ ವಿಷಯಗಳನ್ನು ಮುಚ್ಚಿಡುವುದು ಲಜ್ಜೆಯೆಂಬ ಸದ್ಗುಣವೋ, ಅಥವಾ ಲಜ್ಜೆಯ ಹೆಸರಿನ ಅಜ್ಞಾನವೋ?

ಹಿರಿಯರು ಕೆಲವರು ಹೇಳುವುದುಂಟು: ಇವು ತಾಯಿಯು ಮಗಳಿಗೆ ಗುಟ್ಟಿನಲ್ಲಿ ಹೇಳಬೇಕಾದ ಮಾತುಗಳು, ಅಚ್ಚಿನಲ್ಲಿ ಬರತಕ್ಕವಲ್ಲ ಎಂದು. ಈ ಮಾತಿನಲ್ಲಿ ಗೌರವಬುದ್ಧಿಯಿದೆ. ಆದರೆ ತಾಯಿಗೇ ತಿಳಿಯದಿದ್ದರೆ ಅವಳು ಏನನ್ನು ಹೇಳಿಯಾಳು? ಇನ್ನು ಕೆಲವರು ತಿಳಿವಳಿಕೆಯಿಂದ ಸ್ವೇಚ್ಛಾಚಾರ ಹೆಚ್ಚೀತೆಂದು ಅಂಜುತ್ತಾರೆ. ವಿಚಾರ ಮಾಡಿರಿ. ಅರಿತು ನಡೆದರೆ ಮಾತ್ರ ಅದು ಆಚಾರ. ಅರಿಯದೆ ನಡೆದುದು ಬರಿಯ ರೂಢಿ. ಶೀಲವನ್ನು ಕಾಯುವ ಕೆಲಸವನ್ನು ಅಜ್ಞಾನಕ್ಕೆ ಒಪ್ಪಿಸಬಹುದೆ?

ಆ ಸೀಮೆಯದೇ ಒಂದು ನಿದರ್ಶನವನ್ನು ನೋಡೋಣ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾಯಿತು. ಸಾಗರ, ತೀರ್ಥಹಳ್ಳಿಗಳ ಜನರನ್ನು ಅದು ಈಚೆಗೂ ಕಾಡಿದೆ. ಕಾಡಿಗೆ ಹೋಗುವವರು ಉಣುಗು ಕಚ್ಚದಂತೆ ನೋಡಿಕೊಳ್ಳಿ, ಮಂಗ ಸತ್ತುದನ್ನು ಕಂಡರೆ ಕೂಡಲೇ ತಿಳಿಸಿ ಎಂದು ಆರೋಗ್ಯ ಇಲಾಖೆಯವರು ಎಚ್ಚರಿಸುತ್ತಾರೆ. ಹಾಗೆ ಸಾರುವುದನ್ನು ಯಾರೂ ನಾಚಿಕೆಗೇಡೆನ್ನುವುದಿಲ್ಲ. ಕಾಡಿನ ಅಪಾಯವನ್ನು ಹೇಳುವುದು ಉಪಕಾರವಾದರೆ, ಗರ್ಭದ ಅಪಾಯವನ್ನು ಹೇಳುವುದು ಅಪಚಾರ ಹೇಗಾದೀತು?

ವೀರಶೈವರಾದ ನಮಗಂತೂ ಈ ಪ್ರಶ್ನೆಯಿಂದ ನುಣುಚಿಕೊಳ್ಳಲು ಎಡೆಯಿಲ್ಲ. ಶರಣರು ಪಂಚಸೂತಕಗಳನ್ನು ನಿರಾಕರಿಸಿದರು. ಜನನಸೂತಕ, ರಜಸ್ಸೂತಕಗಳು ಅವುಗಳಲ್ಲಿ ಸೇರಿವೆ. ಇಷ್ಟಲಿಂಗವನ್ನು ಧರಿಸಿದ ಅಂಗವು ಸ್ತ್ರೀಯದಾಗಲಿ ಪುರುಷನದಾಗಲಿ ಅಶುಚಿಯಲ್ಲವೆಂಬುದು ನಮ್ಮ ಸಿದ್ಧಾಂತ. ವೇದಿಕೆಯ ಮೇಲೆ ಸೂತಕವಿಲ್ಲವೆಂದು ಉಪದೇಶಿಸಿ, ಮನೆಯಲ್ಲಿಯೂ ಮಠದಲ್ಲಿಯೂ ಆ ವಿಷಯದ ಮಾತನ್ನೇ ಮೈಲಿಗೆಯೆಂಬಂತೆ ದೂರವಿಟ್ಟರೆ, ಬಾಗಿಲಿನಿಂದ ಹೊರದೂಡಿದ ಸೂತಕವನ್ನು ಕಿಟಕಿಯಿಂದ ಒಳಗೆ ಕರೆದಂತಲ್ಲವೆ?

ಅನ್ಯರನ್ನು ದೂರುವುದಕ್ಕಾಗಿ ನಾವಿದನ್ನು ಬರೆಯುತ್ತಿಲ್ಲ. ನಾವು ಪಟ್ಟಕ್ಕೆ ಬಂದ ಹೊಸತರಲ್ಲಿ ಓರ್ವ ಭಕ್ತೆಯು ದರ್ಶನಕ್ಕೆ ಬಂದು, ಮೈಯಲ್ಲಿ ಏನೋ ನೋವಿದೆ, ಆಶೀರ್ವದಿಸಬೇಕು ಎಂದಳು. ಎಲ್ಲಿ ಎಂದು ಅವಳು ಹೇಳಲಿಲ್ಲ, ನಾವೂ ಕೇಳಲಿಲ್ಲ. ಕೇಳದಿರುವುದೇ ಸನ್ಯಾಸಿಗೆ ತಕ್ಕ ಮರ್ಯಾದೆಯೆಂದು ಭಾವಿಸಿ ವಿಭೂತಿಯನ್ನಿತ್ತು ಕಳುಹಿದೆವು. ಮುಂದಿನ ಜಾತ್ರೆಗೆ ಅವಳ ಪತಿ ಒಬ್ಬನೇ ಬಂದನು. ಎದೆಯಲ್ಲಿ ಗಂಟಾಗಿತ್ತಂತೆ, ವೈದ್ಯರ ಬಳಿಗೆ ಹೋಗುವಷ್ಟರಲ್ಲಿ ಕಾಲ ಮೀರಿತ್ತು. ನಮ್ಮ ಪಾಠಶಾಲೆಯ ಒಬ್ಬ ಉಪಾಧ್ಯಾಯಿನಿಯನ್ನು ಕರೆದು, ಈ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಮ್ಮ ಎಂದಿದ್ದರೆ ಸಾಕಾಗಿತ್ತು. ಅವಳು ಬದುಕುತ್ತಿದ್ದಳೋ ಇಲ್ಲವೋ ಶಿವನೇ ಬಲ್ಲ. ನಮ್ಮ ಕರ್ತವ್ಯವನ್ನಂತೂ ನಾವು ಮಾಡಲಿಲ್ಲ. ಅಂದು ನಾವು ಕಾದುಕೊಂಡದ್ದು ಅವಳ ಮಾನವನ್ನಲ್ಲ, ನಮ್ಮ ಸಂಕೋಚವನ್ನು.

ಅನುಪಮಾ ಅವರು ಸ್ವತಃ ಕ್ಯಾನ್ಸರಿಗೆ ತುತ್ತಾದರು. ಅದನ್ನು ಮರೆಮಾಚದೆ ಆ ವ್ಯಾಧಿಯನ್ನು ಕುರಿತೂ ಜನರಿಗಾಗಿ ಬರೆದರು. 1991ರಲ್ಲಿ ಅವರು ತೀರಿಕೊಂಡರು. ಮಹಾಭಾರತದ ಮಾಧವಿಯ ಕಥೆಯನ್ನು ಅವರು ಕಾದಂಬರಿಯಾಗಿಸಿದ್ದಾರೆ. ಕುದುರೆಗಳಿಗಾಗಿ ರಾಜನಿಂದ ರಾಜನಿಗೆ ಕೈಬದಲಾದ, ತನ್ನ ದೇಹದ ಮೇಲೆ ತನಗೇ ಒಡೆತನವಿಲ್ಲದ ಹೆಣ್ಣಿನ ಕಥೆಯದು. ತನ್ನ ದೇಹದ ವಿಷಯ ತನಗೇ ತಿಳಿಯದ ಹೆಣ್ಣಿನ ಸ್ಥಿತಿಯೂ ಅದಕ್ಕಿಂತ ಬಹು ದೂರವಿಲ್ಲ. ವೈದ್ಯೆಯ ಕಿವಿಮಾತೂ ಲೇಖಕಿಯ ಕಥೆಯೂ ಒಂದೇ ಮೂಲದಿಂದ ಹೊರಟವೆಂದು ನಮಗೆ ತೋರುತ್ತದೆ.

ಲಜ್ಜೆಯನ್ನು ತ್ಯಜಿಸಿರೆಂದು ನಾವು ಹೇಳುವುದಿಲ್ಲ. ಅದು ಮನುಷ್ಯನ ಘನತೆಯನ್ನು ಕಾಯುವವರೆಗೆ ಭೂಷಣ. ಪ್ರಾಣಕ್ಕೆ ಎರವಾದಾಗ ಅಧರ್ಮ. ಈ ವಿವೇಕ ನಮ್ಮೆಲ್ಲರಿಗೂ ಬೇಕು.

ಅನುಪಮಾ ಅವರ ಗ್ರಂಥಗಳನ್ನು ಮಠದ ವಾಚನಾಲಯದಲ್ಲಿ ಹೆಣ್ಣುಮಕ್ಕಳು ಕೇಳದೆಯೇ ತೆಗೆದುಕೊಳ್ಳುವಂತೆ ಹೊರಗಿನ ಕಪಾಟಿನಲ್ಲಿರಿಸಲು ಹೇಳಿದ್ದೇವೆ. ಅವು ರಚಿತವಾಗಿ ದಶಕಗಳು ಸಂದಿವೆ, ವೈದ್ಯವಿಜ್ಞಾನ ಮುಂದೆ ಸಾಗಿದೆ. ಆದುದರಿಂದ ಪ್ರತಿ ತಿಂಗಳ ಶಿವಾನುಭವಗೋಷ್ಠಿಯ ದಿನ ವೈದ್ಯೆಯೊಬ್ಬರು ಬಂದು ತಾಯಂದಿರೊಡನೆ ಪ್ರತ್ಯೇಕವಾಗಿ ಮಾತನಾಡುವ ಏರ್ಪಾಟು ಆಗಬೇಕೆಂದು ಸಂಕಲ್ಪಿಸಿದ್ದೇವೆ. ನಮ್ಮಲ್ಲಿ ಓದಿ ವೈದ್ಯರಾಗಿರುವ ಶಿಷ್ಯರು ತಮ್ಮ ಮನೆಯವರೊಡನೆ ಆಲೋಚಿಸಿ ಮಠದ ಕಾರ್ಯಾಲಯಕ್ಕೆ ಪತ್ರ ಬರೆಯಲಿ. ಉಳಿದ ಭಕ್ತರು ಇಷ್ಟು ಮಾಡಿದರೆ ಸಾಕು: ನಿಮ್ಮ ಮನೆಯ ತಾಯಿಯೋ ಮಗಳೋ ನೋವೆಂದಾಗ, ಎಲ್ಲಿ ಎಂದು ಕೇಳಿರಿ.