ಎಲೆಯ ರಸ, ಲೋಹದ ಕಣ ಮತ್ತು ಕಾಯಕದ ಶುದ್ಧಿ

ಲೋಹದ ಲವಣವನ್ನು ನೀರಿನಲ್ಲಿ ಕರಗಿಸಿ, ಬೇವಿನ ಎಲೆಯನ್ನು ಕುದಿಸಿ ಸೋಸಿದ ರಸವನ್ನು ಅದಕ್ಕೆ ಬೆರೆಸಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಹುಟ್ಟುತ್ತವೆ. ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು ಒಂದು ನ್ಯಾನೋಮೀಟರ್. 1ರಿಂದ 100 ನ್ಯಾನೋಮೀಟರ್ ಗಾತ್ರದವು ನ್ಯಾನೋ ಕಣಗಳು. ಸಿಲ್ವರ್ ನೈಟ್ರೇಟ್ ಬಳಸಿದರೆ ಬಣ್ಣವಿಲ್ಲದ ದ್ರಾವಣ ಹಳದಿಗೆ, ಆಮೇಲೆ ಕಂದು ಬಣ್ಣಕ್ಕೆ ತಿರುಗುವುದೇ ಕಣ ಹುಟ್ಟಿದ ಗುರುತು. ಎಲೆಯಲ್ಲಿರುವ ಪಾಲಿಫಿನಾಲ್, ಫ್ಲೇವನಾಯ್ಡ್‌ಗಳು ಬೆಳ್ಳಿಯ ಅಯಾನಿಗೆ ಎಲೆಕ್ಟ್ರಾನ್ ಕೊಟ್ಟು ಅದನ್ನು ಲೋಹವಾಗಿಸುತ್ತವೆ. ಹೀಗೆ ಹುಟ್ಟಿದ ಕಣಗಳನ್ನು ಹಾಗೆಯೇ ಬಿಟ್ಟರೆ ಒಂದಕ್ಕೊಂದು ಅಂಟಿ ಗಂಟುಕಟ್ಟುತ್ತವೆ. ಸಸ್ಯದ ಪ್ರೋಟೀನು, ಪಿಷ್ಟ, ಅಂಟು ಅವುಗಳ ಮೈಗೆ ಹತ್ತಿಕೊಂಡು ಬಿಡಿಬಿಡಿಯಾಗಿ ನಿಲ್ಲಿಸುತ್ತವೆ. ಇದೇ ಕೆಲಸಕ್ಕೆ ರಾಸಾಯನಿಕ ವಿಧಾನದಲ್ಲಿ ಹೈಡ್ರಜೀನ್‌ನಂಥ ವಿಷಕಾರಿ ವಸ್ತು ಬೇಕಾಗುವುದುಂಟು. ಅದನ್ನು ತಪ್ಪಿಸಿದ್ದಕ್ಕಾಗಿ ಈ ವಿಧಾನಕ್ಕೆ ಹಸಿರು ಸಂಶ್ಲೇಷಣೆ ಎಂಬ ಹೆಸರು ಬಂದಿದೆ.

ಇಲ್ಲಿ ಏಳುವ ಪ್ರಶ್ನೆ ರಸಾಯನಶಾಸ್ತ್ರಕ್ಕೆ ಮಾತ್ರ ಸೇರಿದ್ದಲ್ಲ. ಒಂದು ಕೆಲಸದಲ್ಲಿ ಬಳಸಿದ ಒಂದು ವಸ್ತು ನಿರಪಾಯವಾಗಿದ್ದರೆ ಇಡೀ ಕೆಲಸ ಶುದ್ಧವಾದೀತೇ? ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ನೆಲದಲ್ಲಿ ಈ ಪ್ರಶ್ನೆಗೆ ದೀರ್ಘ ಇತಿಹಾಸವಿದೆ. 12ನೆಯ ಶತಮಾನದ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ಶಿವಶರಣರು ಕಾಯಕವನ್ನು ಧರ್ಮದ ನಡುಮನೆಗೆ ತಂದು ಕೂರಿಸಿದರು. ದುಡಿಮೆಯ ಶುದ್ಧಿ ಯಾವುದರಿಂದ ಬರುತ್ತದೆ ಎಂಬುದನ್ನು ಬಿಡದೆ ಚರ್ಚಿಸಿದರು. ಆ ಬಳಗದಲ್ಲಿ ಅಗಸರು, ಅಂಬಿಗರು, ಹಗ್ಗ ಹೊಸೆಯುವವರು ಇದ್ದರು. ಚಿಕಿತ್ಸೆಯನ್ನೇ ಕಾಯಕ ಮಾಡಿಕೊಂಡ ವೈದ್ಯ ಸಂಗಣ್ಣನೂ ಇದ್ದನು.

ಖನಿಜವನ್ನು ಗಿಡಮೂಲಿಕೆಯಿಂದ ಪಳಗಿಸುವ ವಿದ್ಯೆ ಭಾರತಕ್ಕೆ ಹೊಸದಲ್ಲ. ರಸಶಾಸ್ತ್ರದಲ್ಲಿ ಲೋಹವನ್ನು ಮೊದಲು ಶೋಧಿಸಿ, ಸೊಪ್ಪಿನ ರಸದಲ್ಲಿ ಮತ್ತೆ ಮತ್ತೆ ಅರೆದು, ಪುಟವಿಟ್ಟು ಸುಟ್ಟು ಭಸ್ಮ ಮಾಡುತ್ತಾರೆ. ಸತುವಿನಿಂದ ಆಗುವ ಯಶದ ಭಸ್ಮ ಬಹುಪಾಲು ಸತುವಿನ ಆಕ್ಸೈಡ್. ಈಚಿನ ಪರೀಕ್ಷೆಗಳಲ್ಲಿ ಅದರೊಳಗೆ ನ್ಯಾನೋ ಗಾತ್ರದ ಕಣಗಳು ಕಂಡಿವೆ. ಇದರಿಂದ ಹಿಂದಿನವರಿಗೆ ನ್ಯಾನೋ ವಿಜ್ಞಾನ ಗೊತ್ತಿತ್ತು ಎಂದು ಹೇಳುವುದು ಸಲ್ಲದು. ಅವರಿಗೆ ಗೊತ್ತಿದ್ದುದು ವಿಧಾನ ಮತ್ತು ಅದರ ಫಲ. ಕಣದ ಅಳತೆಯನ್ನು ಹೇಳಿದ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ.

ವಸ್ತುವಿನ ಮೇಲಿನ ಇಂಥ ಹಿಡಿತವನ್ನು ಶರಣರು ಹೇಗೆ ಕಂಡರು ಎಂಬುದಕ್ಕೆ ಶರಣರ ಸಂವಾದಗಳನ್ನು ಹೇಳುವ ಶೂನ್ಯಸಂಪಾದನೆಯಲ್ಲಿ ಬರುವ ಶರಣ ಅಲ್ಲಮಪ್ರಭು ಮತ್ತು ಗೋರಕ್ಷನ ಭೇಟಿ ಸಾಕ್ಷಿ. ಗೋರಕ್ಷ ಸಿದ್ಧಿಯಿಂದ ದೇಹವನ್ನು ವಜ್ರ ಮಾಡಿಕೊಂಡವನು. ಕತ್ತಿಯಿಂದ ಹೊಡೆದರೆ ಅವನ ಮೈ ಖಣಿಲೆನ್ನುತ್ತದೆ; ಅಲ್ಲಮನ ಮೈಯಲ್ಲಿ ಅದೇ ಕತ್ತಿ ಬಯಲಲ್ಲಿ ಆಡಿದಂತೆ ಹಾಯ್ದು ಹೋಗುತ್ತದೆ. ಸಿದ್ಧಿ ಸುಳ್ಳೆಂದು ಕಥೆ ಹೇಳುವುದಿಲ್ಲ. ವಸ್ತು ಮಾತು ಕೇಳಿತು ಎಂದ ಮಾತ್ರಕ್ಕೆ ಮಾಡಿದವನು ಶುದ್ಧನಾಗಲಿಲ್ಲ ಎನ್ನುತ್ತದೆ.

ಇನ್ನೂ ಹತ್ತಿರದ ಅಳತೆಗೋಲು ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಯದು. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಇವರ ಕಾಯಕ, ಚೆಲ್ಲಿದ ಅಕ್ಕಿಯನ್ನು ಆಯುವುದು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಲ್ಲದೆ, ತೆಗೆದಲ್ಲಿಯೇ ಸುರಿದು ಬರಲು ಹೇಳಿದಳು. ಅಕ್ಕಿಯಲ್ಲಿ ದೋಷವಿರಲಿಲ್ಲ, ಆಯ್ದ ಕೈಯಲ್ಲೂ ಇರಲಿಲ್ಲ. ಅವಳು ನೋಡಿದ್ದು ಹೆಚ್ಚುವರಿಯನ್ನು. ಪಾಲ್ ಅನಾಸ್ಟಾಸ್ ಮತ್ತು ಜಾನ್ ವಾರ್ನರ್ 1998ರಲ್ಲಿ ಹಸಿರು ರಸಾಯನಶಾಸ್ತ್ರದ 12 ತತ್ವಗಳನ್ನು ಬರೆದಾಗ ಮೊದಲನೆಯದಾಗಿ ಇಟ್ಟದ್ದೂ ತ್ಯಾಜ್ಯವನ್ನೇ: ಹುಟ್ಟಿದ ಮೇಲೆ ತೊಳೆಯುವುದಕ್ಕಿಂತ ಹುಟ್ಟದಂತೆ ನೋಡಿಕೊಳ್ಳುವುದು ಮೇಲು. ಲಕ್ಕಮ್ಮನದು ಭಕ್ತಿಯ ಮಾತು, ಇವರದು ಪ್ರಯೋಗಾಲಯದ ನಿಯಮ; ಎರಡೂ ಒಂದೇ ಅಲ್ಲ. ಆದರೂ ಎರಡೂ ಕೆಲಸವನ್ನು ಅದು ಬಿಟ್ಟುಹೋಗುವ ಶೇಷದಿಂದ ಅಳೆಯುತ್ತವೆ.

ಈ ಅಳತೆಯಲ್ಲಿ ಎಲೆಯ ರಸಕ್ಕೆ ಸಿಗುವುದು ಅರ್ಧ ಅಂಕ ಮಾತ್ರ. ಸತುವಿನ ಆಕ್ಸೈಡ್ ಕಣವನ್ನೇ ನೋಡಬಹುದು. ಇಲ್ಲಿ ಎಲೆ ಸತುವನ್ನು ಲೋಹವಾಗಿಸುವುದಿಲ್ಲ, ಅಯಾನನ್ನು ಹಿಡಿದಿಡುತ್ತದೆ ಅಷ್ಟೆ. ಆಮೇಲೆ ಸಿಕ್ಕ ಪುಡಿಯನ್ನು ಸಾಮಾನ್ಯವಾಗಿ 400-500 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡುತ್ತಾರೆ. ಕಣವನ್ನು ಕಾಯಬೇಕಿದ್ದ ಸಸ್ಯಾಂಶ ಅಲ್ಲಿಯೇ ಸುಟ್ಟುಹೋಗುತ್ತದೆ. ಸತುವಿನ ಲವಣವಾಗಿ ಝಿಂಕ್ ನೈಟ್ರೇಟ್ ಬಳಸಿದ್ದರೆ, ಉಳಿದ ನೈಟ್ರೇಟು ಸಾರಜನಕದ ಆಕ್ಸೈಡುಗಳಾಗಿ ಗಾಳಿಗೆ ಸೇರುತ್ತದೆ. ಕುಲುಮೆಗೆ ವಿದ್ಯುತ್ ಬೇಕು. ಕಣ ತೊಳೆದ ನೀರಿನಲ್ಲಿ ಕರಗಿದ ಲೋಹ ಉಳಿದಿರುತ್ತದೆ. ಬೆಳ್ಳಿಯಾಗಲಿ ಸತುವಾಗಲಿ ಮಿತಿಮೀರಿ ಕೆರೆ ಸೇರಿದರೆ ಮೀನಿಗೂ ನೀರಿನ ಸಣ್ಣ ಜೀವಿಗಳಿಗೂ ವಿಷ. ಸೂಕ್ಷ್ಮಾಣುಗಳನ್ನು ಕೊಲ್ಲುವ ಬೆಳ್ಳಿಯ ಗುಣ ಮಣ್ಣಿಗೆ ಇಳಿದ ಮೇಲೆ ನಿಂತುಬಿಡುವುದಿಲ್ಲ. ಬೇವಿನ ರಸದಿಂದ ಹುಟ್ಟಿತೆಂದು ಕಣದ ಸ್ವಭಾವ ಬೇವಿನದಾಗದು.

ಹುಮನಾಬಾದಿನಲ್ಲಿ ಈ ಮಾತಿಗೆ ತೂಕ ಹೆಚ್ಚು. ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ರಾಸಾಯನಿಕ ಮತ್ತು ಔಷಧ ಘಟಕಗಳಿವೆ. ನೀರು ಕೆಟ್ಟಿತು, ಗಾಳಿ ನಾರುತ್ತದೆ ಎಂದು ಸುತ್ತಲ ಹಳ್ಳಿಗಳ ಜನ ದೂರುತ್ತ ಬಂದಿದ್ದಾರೆ. ಊರ ಪಕ್ಕದ ಮಾಣಿಕನಗರ, ಎಲ್ಲ ಮತಗಳನ್ನೂ ಸಮಾನವಾಗಿ ಕಾಣುವ ಸಕಲಮತ ಸಂಪ್ರದಾಯವನ್ನು ಕಟ್ಟಿದ ಮಾಣಿಕಪ್ರಭುಗಳ ನೆಲೆ. ಬಾವಿಯ ನೀರಿಗೂ ಕುಡಿಯುವವರ ಮತ ಗೊತ್ತಿಲ್ಲ. ಕೆಟ್ಟರೆ ಎಲ್ಲರಿಗೂ ಕೆಡುತ್ತದೆ. ಶರಣರು ಕಾಯಕದ ಜೊತೆ ದಾಸೋಹವನ್ನೂ, ಅಂದರೆ ದುಡಿಮೆಯ ಫಲವನ್ನು ಹಂಚಿಕೊಳ್ಳುವುದನ್ನೂ, ಕಟ್ಟಿದರು. ದುಡಿಮೆಯ ಫಲ ಯಾರಿಗೆ ಮುಟ್ಟುತ್ತದೆ, ಅದರ ಕೊಳೆ ಯಾರ ಪಾಲಿಗೆ ಬೀಳುತ್ತದೆ ಎಂಬುದನ್ನು ಬಿಟ್ಟು ಶುದ್ಧಿಯ ಮಾತು ಪೂರ್ತಿಯಾಗುವುದಿಲ್ಲ.

ಹಾಗೆಂದು ಈ ವಿದ್ಯೆಯನ್ನು ತಳ್ಳಿಹಾಕುವಂತಿಲ್ಲ. ಹೈಡ್ರಜೀನ್ ತಪ್ಪಿದ್ದು ನಿಜವಾದ ಲಾಭ. ದುಬಾರಿ ರಾಸಾಯನಿಕ ಕೊಳ್ಳಲಾಗದ ಸಣ್ಣ ಊರಿನ ಕಾಲೇಜಿಗೆ ಬೇವು, ತುಳಸಿ, ಲೋಳಸರ, ಜಾಲಿಯ ಅಂಟು ಕೈಗೆ ಸಿಗುವುದೂ ಲಾಭವೇ. ಆದರೆ ಹಸಿರು ಎಂಬ ಹೆಸರನ್ನು ಎಲೆಗೆ ಕೊಟ್ಟು ಮುಗಿಸಬಾರದು. ಲವಣದಿಂದ ತೊಳೆದ ನೀರಿನವರೆಗಿನ ಇಡೀ ಕೆಲಸ ಅದನ್ನು ಗಳಿಸಬೇಕು. ಈ ಭಾಗದ ಕಾಲೇಜುಗಳಲ್ಲಿ ಇಂಥ ಪ್ರಯೋಗಕ್ಕೆ ಕೈಹಾಕುವವರು ಕಣದ ಗಾತ್ರದ ಜೊತೆಗೆ ಎಷ್ಟು ಲೋಹ ಕಣವಾಯಿತು, ಎಷ್ಟು ನೀರಿನಲ್ಲಿ ಉಳಿಯಿತು, ಆ ನೀರನ್ನು ಏನು ಮಾಡಲಾಯಿತು ಎಂಬುದನ್ನೂ ಅಳೆದು ಬರೆಯಲಿ.