ಮದಶಕ್ತಿಯ ದೃಷ್ಟಾಂತ ಮತ್ತು ಕೊಪ್ಪಳದ ದ್ರಾಕ್ಷಿ

ಜಡವಸ್ತುಗಳು ಒಂದುಗೂಡಿದ ಮಾತ್ರಕ್ಕೆ ಅರಿವು ಹುಟ್ಟಬಲ್ಲದೇ ಎಂಬ ಪ್ರಶ್ನೆಗೆ ಚಾರ್ವಾಕರು, ಅಂದರೆ ಪ್ರತ್ಯಕ್ಷವೊಂದನ್ನೇ ಪ್ರಮಾಣವೆಂದು ಒಪ್ಪಿ ದೇಹಕ್ಕಿಂತ ಬೇರೆಯಾದ ಆತ್ಮವನ್ನು ಅಲ್ಲಗಳೆದ ದಾರ್ಶನಿಕರು, ಮದ್ಯವನ್ನೇ ದೃಷ್ಟಾಂತವಾಗಿ ಮುಂದಿಟ್ಟರು. ಹುದುಗೆಬ್ಬಿಸುವ ಕಿಣ್ವವೇ ಮೊದಲಾದ ದ್ರವ್ಯಗಳಲ್ಲಿ ಬಿಡಿಬಿಡಿಯಾಗಿ ಕಾಣದ ಮದಶಕ್ತಿ ಅವು ಬೆರೆತಾಗ ತಲೆದೋರುವಂತೆ, ಮಣ್ಣು, ನೀರು, ಬೆಂಕಿ, ಗಾಳಿ ಎಂಬ ನಾಲ್ಕು ಭೂತಗಳು ದೇಹವಾಗಿ ಕೂಡಿದಾಗ ಚೈತನ್ಯ ತಲೆದೋರುತ್ತದೆ ಎಂಬ ಈ ವಾದವನ್ನು 14ನೆಯ ಶತಮಾನದ ‘ಸರ್ವದರ್ಶನಸಂಗ್ರಹ’ ತನ್ನ ಮೊದಲ ಅಧ್ಯಾಯದಲ್ಲೇ ನಿರೂಪಿಸುತ್ತದೆ. ಆ ಗ್ರಂಥ ಹುಟ್ಟಿದ್ದು ವಿಜಯನಗರದ ಆರಂಭಕಾಲದಲ್ಲಿ. ಆ ಅರಸೊತ್ತಿಗೆಯ ಮೊದಲ ನೆಲೆಯೆಂದು ಹೆಸರಾದ ಆನೆಗೊಂದಿ ಗಂಗಾವತಿ ತಾಲ್ಲೂಕಿನಲ್ಲಿದೆ. ಇಂದು ಅದೇ ಕೊಪ್ಪಳ ಜಿಲ್ಲೆಯಲ್ಲಿ ಈ ದೃಷ್ಟಾಂತವನ್ನು ಒರೆಗೆ ಹಚ್ಚುವ ಬೆಳೆಯೂ ಇದೆ.

ಜಿಲ್ಲೆಯ ಕ್ರಸ್ಮಾ ಎಸ್ಟೇಟ್ಸ್ ಎಂಬ ವೈನ್ ಸಂಸ್ಥೆ ಬೆಳೆಯುವ ತಳಿಗಳಲ್ಲಿ ಸೋವಿನ್ಯಾನ್ ಬ್ಲಾಂಕ್ ಎಂಬ ಫ್ರೆಂಚ್ ಬಿಳಿ ದ್ರಾಕ್ಷಿಯೂ ಒಂದು. ಫ್ರಾನ್ಸಿನ ಲ್ವಾರ್ ನದಿಯ ಎಡದಂಡೆಯ ಸಾನ್ಸೆರ್‌ನಲ್ಲಿ, ಸುಣ್ಣಕಲ್ಲು ಮತ್ತು ಚಕಮಕಿ ಕಲ್ಲಿನ ಇಳಿಜಾರುಗಳಲ್ಲಿ, ಇದೇ ತಳಿಯಿಂದ ತಯಾರಾಗುವ ಬಿಳಿ ಡ್ರೈ ವೈನಿಗೆ, ಅಂದರೆ ಸಿಹಿ ಉಳಿಯದಂತೆ ಹುದುಗಿಸಿದ ವೈನಿಗೆ, ಆ ಊರಿನ ಹೆಸರು 1936ರಿಂದ ಕಾನೂನುಬದ್ಧವಾಗಿ ಮೀಸಲಾಗಿದೆ. ಅಲ್ಲಿ ಬಳ್ಳಿ ಚಳಿಗಾಲದಲ್ಲಿ ಎಲೆಯುದುರಿಸಿ ಸುಪ್ತವಾಗುತ್ತದೆ. ಉತ್ತರ ಕರ್ನಾಟಕದ ಬಿಸಿಲಿನಲ್ಲಿ ಆ ವಿಶ್ರಾಂತಿ ಇಲ್ಲದ ಕಾರಣ ರೈತರು ಏಪ್ರಿಲ್ ಸುಮಾರಿಗೆ ಕಡ್ಡಿಗಾಗಿ, ಅಕ್ಟೋಬರ್ ಸುಮಾರಿಗೆ ಹಣ್ಣಿಗಾಗಿ ಹೀಗೆ ವರ್ಷಕ್ಕೆರಡು ಬಾರಿ ಚಾಟ್ನಿ ಮಾಡುತ್ತಾರೆ, ಅಂದರೆ ಬಳ್ಳಿಯನ್ನು ಸವರುತ್ತಾರೆ. ತಳಿ ಒಂದೇ ಆದರೂ ನೆಲ, ಹವೆ, ಕೈಕೆಲಸ ಬೇರೆಯಾದಂತೆ ರುಚಿ ಬೇರೆಯಾಗುವುದರಿಂದ, ಗುಣವು ಬಿಡಿ ದ್ರವ್ಯದಲ್ಲಿಲ್ಲ, ಕೂಟದಲ್ಲಿದೆ ಎಂಬಷ್ಟರ ಮಟ್ಟಿಗೆ ಚಾರ್ವಾಕರ ಮಾತು ಗಟ್ಟಿಯಾದುದು. ಅದನ್ನು ಹಗುರವಾಗಿ ತಳ್ಳಿಹಾಕಿದವರು ಅವರಿಗೆ ನ್ಯಾಯ ಸಲ್ಲಿಸಿಲ್ಲ.

ಆದರೆ ಸಿಹಿ ಮದ್ಯವಾಗುವ ಬಗೆಯನ್ನೇ ನೋಡಿದರೆ ವಾದದ ಬುಡ ಸಡಿಲವಾಗುತ್ತದೆ. ದ್ರಾಕ್ಷಿರಸದ ಸಕ್ಕರೆಯನ್ನು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಮಾರ್ಪಡಿಸುವುದು ಈಸ್ಟ್ ಎಂಬ ಸೂಕ್ಷ್ಮ ಶಿಲೀಂಧ್ರ, ಮತ್ತು ಅದರ ಕೆಲಸ ಜೀವಕ್ರಿಯೆಯೆಂದು 19ನೆಯ ಶತಮಾನದಲ್ಲಿ ಲೂಯಿ ಪಾಶ್ಚರ್ ತೋರಿಸಿದನು. ಕೊಪಣವೆಂಬ ಹೆಸರಿನಿಂದ ಕೊಪ್ಪಳವನ್ನು ಮಹಾತೀರ್ಥವೆಂದು ಪೂಜಿಸಿದ ಜೈನರ ಆಚಾರಗ್ರಂಥಗಳಾದರೋ, ಮದ್ಯವು ಅಸಂಖ್ಯ ಜೀವಿಗಳ ಹುಟ್ಟುನೆಲೆಯಾದ್ದರಿಂದ ಅದರ ಸೇವನೆ ಹಿಂಸೆಯೆಂದು ಬಹು ಹಿಂದೆಯೇ ನಿಷೇಧಿಸಿದ್ದವು. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ಅಹಿಂಸೆಯ ಕಾಳಜಿಯಿಂದಲೇ ಹುದುಗಿನಲ್ಲಿ ಜೀವವನ್ನು ಗುರುತಿಸಿದ ಆ ದೃಷ್ಟಿ ಗೌರವಕ್ಕೆ ಅರ್ಹವಾದುದು.

ಹೀಗಿರುವಾಗ ಜಡಗಳ ಕೂಟಕ್ಕೆ ಉದಾಹರಣೆಯಾಗಿ ತಂದ ಮದ್ಯದೊಳಗೆ ಜೀವ ಮೊದಲೇ ಸೇರಿಕೊಂಡಿದೆ. ಈಸ್ಟ್ ಕೂಡ ಭೂತಗಳ ಕೂಟವೇ ಎಂದು ಚಾರ್ವಾಕನು ಮರುನುಡಿಯಬಹುದು. ಆಗ ಜಡದಿಂದ ಜೀವ ಬಂದುದನ್ನು ಈಸ್ಟಿನ ವಿಷಯದಲ್ಲಿಯೇ ಸಾಧಿಸಬೇಕಾಗಿ ಬಂದು, ದೃಷ್ಟಾಂತವು ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರು ಸಾಧ್ಯಸಮವೆಂದು ಕರೆಯುವ ದೋಷಕ್ಕೆ, ಅಂದರೆ ಸಾಧಿಸಬೇಕಾದುದನ್ನೇ ಸಿದ್ಧವೆಂದು ಹಿಡಿಯುವ ದೋಷಕ್ಕೆ, ಒಳಗಾಗುತ್ತದೆ. ಇದರಿಂದ ಆತ್ಮ ಉಂಟೆಂದು ಸಿದ್ಧವಾಗುವುದಿಲ್ಲ. ಮದಶಕ್ತಿಯ ದೃಷ್ಟಾಂತದಿಂದ ಅದು ಇಲ್ಲವೆಂದು ಸಾಧಿಸಲೂ ಬರುವುದಿಲ್ಲ.