ಹಕ್ಕಲಾಯುವದು ಕಳ್ಳತನವೋ?

ರಟ್ಟೀಹಳ್ಳಿಯ ಸುತ್ತಲಿನ ಹೊಲಗಳಲ್ಲಿ ಸುಗ್ಗಿ ತೀರಿದ ಮೇಲೆ ಬಡ ಹೆಂಗಸೊಬ್ಬಳು ನೆಲಕ್ಕೆ ಬಿದ್ದ ಜೋಳದ ತೆನೆಗಳನ್ನು ಆಯ್ದುಕೊಂಡರೆ ಅದು ಕಳ್ಳತನವೋ? ಹೊಲದ ಒಡೆಯನು, "ಬೀಜ ನನ್ನದು, ಬೆವರು ನನ್ನದು; ಆದದರಿಂದ ಬಿದ್ದ ಕಾಳೂ ನನ್ನದೇ" ಅನ್ನಬಹುದು. ಈ ಮಾತನ್ನು ಹಗುರೆಂದು ತಳ್ಳಿಬಿಡಲಾಗದು. ಯಾಕಂದರೆ ಕದಿಯಬಾರದೆಂಬ ಆಜ್ಞೆಯು ಬಡವನಿಗೂ ಐಶ್ವರ್ಯವಂತನಿಗೂ ಒಂದೇ. ಆದರೂ ಈ ನ್ಯಾಯವನ್ನು ಕರುಣೆಯಿಲ್ಲದೆ ಕಡೆಯ ವರೆಗೆ ಎಳೆದರೆ ಏನಾಗುವದೆಂಬದಕ್ಕೆ ಸೋವಿಯೆಟ್ ದೇಶದ ಚರಿತ್ರೆಯಲ್ಲಿ ಒಂದು ದೃಷ್ಟಾಂತ ಉಂಟು.

ಆ ದೇಶದಲ್ಲಿ 1929ರಿಂದ ಒಕ್ಕಲಿಗರ ಹೊಲಗಳನ್ನೂ ದನ ಕುದುರೆಗಳನ್ನೂ ಬಲವಂತದಿಂದ ಒಟ್ಟುಗೂಡಿಸಿ ಸಾಮೂಹಿಕ ಬೇಸಾಯವನ್ನು ಏರ್ಪಡಿಸಿದರು. ಬೆಳೆಯಲ್ಲಿ ಮೊದಲು ಸರಕಾರದ ಪಾಲನ್ನು ಅಳೆದುಕೊಡಬೇಕು. ಬೀಜ ಮುಂತಾದವುಗಳಿಗೆ ತೆಗೆದಿಟ್ಟು ಉಳಿದದ್ದನ್ನು ಮಾತ್ರ ದುಡಿದ ದಿನಗಳ ಲೆಕ್ಕದ ಮೇರೆಗೆ ಮನೆಮನೆಗೆ ಹಂಚುವರು. ಸರಕಾರದ ಪಾಲು ಹೆಚ್ಚಿದಂತೆ ದುಡಿದವರ ಅಡಿಗೆಮನೆ ಬರಿದಾಯಿತು. 1932ನೇ ಆಗಸ್ಟ್ 7ರಂದು ಹೊರಟ ಶಾಸನವು ಸಾಮೂಹಿಕ ಹೊಲದ ಸೊತ್ತನ್ನು ಕದ್ದವರಿಗೆ ಮರಣದಂಡನೆಯನ್ನು, ಕನಿಕರಪಟ್ಟರೆ 10 ವರುಷಗಳಿಗೆ ಕಡಿಮೆಯಿಲ್ಲದ ಸೆರೆಯನ್ನು ವಿಧಿಸಿತು. ಮಕ್ಕಳ ಹಸಿವೆಯನ್ನು ನೋಡಲಾರದೆ ಕೊಯ್ದ ಹೊಲದಲ್ಲಿ ತೆನೆ ಆಯ್ದ ತಾಯಂದಿರೂ ಅದರಲ್ಲಿ ಸಿಕ್ಕಿಬಿದ್ದರು. ಜನರು ಅದನ್ನು 'ಐದು ತೆನೆಗಳ ಕಾನೂನು' ಎಂದು ಕರೆದರು. 1932–33ರ ಕ್ಷಾಮದಲ್ಲಿ ಉಕ್ರೇನ್, ಕಜಾಕಸ್ತಾನ, ವೋಲ್ಗಾ ಮೊದಲಾದ ಸೀಮೆಗಳಲ್ಲಿ 50 ಲಕ್ಷಕ್ಕೂ ಮಿಕ್ಕಿದ ಜನರು ಸತ್ತರು. ಆಗಲೂ ಧಾನ್ಯವು ಪರದೇಶಗಳಿಗೆ ಹೋಗುವದು ನಿಲ್ಲಲಿಲ್ಲ.

"ಅದು ದೇವರನ್ನು ಒಲ್ಲದ ರಾಜ್ಯ, ನಮಗೇನು?" ಎಂದು ಯಾರೂ ಹೇಳಬಾರದು. 1876–78ರ ಮಹಾಕ್ಷಾಮದ ಹೊಡೆತವನ್ನು ತಿಂದ ನಮ್ಮ ಸೀಮೆಯು, ಅಂದರೆ ಆಗಿನ ಧಾರವಾಡ ಜಿಲ್ಲೆಯ ಕೋಡ ತಾಲೂಕು, ಕ್ರೈಸ್ತರೆನಿಸಿಕೊಂಡವರ ಆಳಿಕೆಯಲ್ಲಿಯೇ ಇತ್ತು. ವ್ಯಾಪಾರದಲ್ಲಿ ಸರಕಾರವು ಕೈಹಾಕಬಾರದೆಂದು ಹೇಳಿ ಅವರು ಹಿಂದುಸ್ಥಾನದ ಧಾನ್ಯವು ಹಡಗು ಹತ್ತುವದನ್ನು ತಡೆಯಲಿಲ್ಲ. ಅಲ್ಲಿ ಸೊತ್ತು ಸರಕಾರದ್ದು, ಇಲ್ಲಿ ವರ್ತಕನದು. ಹಸಿದವನನ್ನು ಮರೆತ ಪಾಪ ಎರಡು ಕಡೆಯಲ್ಲಿಯೂ ಒಂದೇ.

ಹಾಗಾದರೆ ಸ್ವಂತ ಸೊತ್ತೆಂಬದೇ ಬೇಡವೋ? ಹಾಗಲ್ಲ. ಮೋಶೆಯ ಧರ್ಮಶಾಸ್ತ್ರವು ಹೊಲವನ್ನು ಒಡೆಯನಿಂದ ಕಿತ್ತುಕೊಳ್ಳುವದಿಲ್ಲ. ಅದರ ಅಂಚನ್ನೂ ಉದುರಿದ ತೆನೆಯನ್ನೂ ಬಡವನಿಗೂ ಪರದೇಶಿಗೂ ಬಿಡತಕ್ಕದ್ದೆಂದು ಒಡೆಯನಿಗೇ ವಿಧಿಸುತ್ತದೆ. ಹೀಗಿರಲಾಗಿ ರೂತಳು ತನ್ನ ಅತ್ತೆಗೋಸ್ಕರ ಆಯ್ದದ್ದು ಕಳವೂ ಅಲ್ಲ, ಭಿಕ್ಷೆಯೂ ಅಲ್ಲ, ಅದು ಹಕ್ಕು. ಬೋವಜನಾದರೋ ವಿಧಿಗಿಂತ ಹೆಚ್ಚು ಮಾಡಿ, ಸಿವುಡುಗಳಿಂದ ತೆನೆಗಳನ್ನು ಬೇಕೆಂತಲೇ ಬೀಳಿಸುವಂತೆ ಆಳುಗಳಿಗೆ ಹೇಳಿದನು.

ನಮ್ಮಲ್ಲಿ ಕೆಲವರಿಗೆ ಹೊಲ ಉಂಟು, ಅನೇಕರಿಗೆ ಇಲ್ಲ. ಹೊಲವುಳ್ಳ ನಾವು ಹಕ್ಕಲಾಯುವವಳನ್ನು ಅಟ್ಟುವದಕ್ಕೆ ಮೊದಲು ಅವಳ ಮನೆಯ ಒಲೆ ಹೊತ್ತಿತೋ ಎಂದು ವಿಚಾರಿಸೋಣ. ಹೊಲವಿಲ್ಲದ ನಾವು ನಿಂತ ಬೆಳೆಗೆ ಕೈಹಾಕದಿರೋಣ. ಹೀಗೆ ಇಬ್ಬರೂ ನಡೆದರೆ ನ್ಯಾಯಕ್ಕೂ ಕರುಣೆಗೂ ಒಂದೇ ಹೊಲದಲ್ಲಿ ಸ್ಥಳ ಸಿಕ್ಕುವದು.